ಹುಣಸೆಹಣ್ಣು ಹಾಕಿ ಉಜ್ಜಿದ ತಂಬಿಗೆ

ಮನೆಯಲ್ಲಿರುವ ಹಳೇ ಸಾಮಾನು ತನ್ನಿ, ಬಲ್ಲವರು ನೋಡಿ ಹೇಳುತ್ತಾರೆ, ಫೀಸಿಲ್ಲ ಅಂತ ಹಾಸನದಲ್ಲಿ ಕೆಲವರು ಸೇರಿ ಒಂದು ಭಾನುವಾರ ಏರ್ಪಾಡು ಮಾಡಿದ್ದರು. ಟೋಕನ್ ಕೊಡೋಕೆ ನಾನು ಕೂತೆ. ಹನ್ನೊಂದು ಗಂಟೆಗೆಲ್ಲ ಕ್ಯೂ ಗೇಟು ದಾಟಿತ್ತು. ಹಾಸನಾಂಬೆ ದರ್ಶನದ ಥರಾನೇ. ಅಲ್ಲಿ ವರ್ಷಕ್ಕೊಮ್ಮೆ ಗರ್ಭಗುಡಿ ಬಾಗಿಲು ತೆಗೆಯುತ್ತಾರೆ, ಇಲ್ಲಿ ಎಷ್ಟೋ ವರ್ಷದ ಮೇಲೆ ಅಟ್ಟದ ಬಾಗಿಲು ತೆಗೆದಿದ್ದರು.

ನಾಣ್ಯದವರೇ ಜಾಸ್ತಿ. ಅದರಲ್ಲೂ ಒಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತಿದ್ದು ಇನ್ನೊಂದು ಕಡೆ ರಾಮ ಸೀತೆ ಇರುವ ತಾಮ್ರದ ಬಿಲ್ಲೆ. ಕಂಪನಿ ಅಂಥ ನಾಣ್ಯ ಹೊಡೆಸಲೇ ಇಲ್ಲ. ಹಾಗಂದರೆ ಮೊಬೈಲ್ ಮುಖಕ್ಕೆ ಹಿಡಿಯುತ್ತಾರೆ, 'ವಿಡಿಯೋದಲ್ಲಿ ಕೋಟಿ ಅಂದಿದ್ದಾರಲ್ಲ ಸಾರ್!'

ಒಬ್ಬರ ಹತ್ತಿರ ಮಾತ್ರ ಅಸಲಿ ಮಾಲು ಇತ್ತು, ಐದನೇ ಜಾರ್ಜನ 1911ರ ರೂಪಾಯಿ. ರಾಜನ ನಿಲುವಂಗಿ ಮೇಲಿನ ಪುಟಾಣಿ ಆನೆ ಜನರ ಕಣ್ಣಿಗೆ ಹಂದಿಯ ಹಾಗೆ ಕಂಡು, ಗಲಾಟೆಯಾಗಿ, ಸರ್ಕಾರ ಅದನ್ನು ವಾಪಸ್ ಪಡೆದು 1912ರಲ್ಲಿ ಸೊಂಡಿಲು ತಿದ್ದಿಸಿತು. ನಾನೂ ಭೂತಗನ್ನಡಿ ಇಸ್ಕೊಂಡು ನೋಡಿದೆ. ಹಂದಿಯೇ.

ನೂರು ವರ್ಷ ದಾಟಿದ್ದರೆ ಸರ್ಕಾರ ಕಿತ್ತುಕೊಳ್ಳುತ್ತಾ ಅನ್ನೋದು ಎಲ್ಲರ ಭಯ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಅಂಥದ್ದನ್ನು ನಾವು ವಿದೇಶಕ್ಕೆ ಕಳಿಸುವಂತಿಲ್ಲ, ಹಳೇ ವಿಗ್ರಹವಾದರೆ ನೋಂದಣಿ ಮಾಡಿಸಬೇಕು. ಚೊಂಬು ತಂಬಿಗೆ ಯಾರಿಗೆ ಬೇಕು?

ಮಧ್ಯಾಹ್ನ ಅರಕಲಗೂಡು ಕಡೆಯ ಒಬ್ಬರು ಅಜ್ಜಿ ಟವೆಲ್ ಬಿಚ್ಚಿ ಹಿತ್ತಾಳೆ ತಂಬಿಗೆ ಇಟ್ಟರು. ಚಿನ್ನದ ಹಾಗೆ ಫಳಫಳ. 'ನಾಕು ಜನ ನೋಡ್ತಾರಲ್ಲ ಮಗಾ, ಬೆಳಿಗ್ಗೆ ಎದ್ದು ಹುಣಸೆಹಣ್ಣು ಹಾಕಿ ಉಜ್ಜಿದೆ.' ಪರೀಕ್ಷಕರು ಹಣೆ ಹಿಡಿದುಕೊಂಡರು. ಹಳೇ ಲೋಹಕ್ಕೆ ವರ್ಷಗಟ್ಟಲೆ ಕೂತ ಕಂದುಬಣ್ಣವೇ ಜಾತಕ, ಅದನ್ನೇ ತೊಳೆದರೆ ವಯಸ್ಸು ಹೇಳೋದು ಕಷ್ಟ. ಕಂಠದ ಸುತ್ತ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿದ್ದರು. ಉಜ್ಜಿ ಉಜ್ಜಿ ಸವೆದು ಕೊನೆಯ 'ಮ್ಮ' ಒಂದೇ ಉಳಿದಿತ್ತು.

'ಯಾರ ಹೆಸರಜ್ಜಿ?' ಅಂದೆ.

'ನಮ್ಮತ್ತೇದು. ಅವರೂ ಹಿಂಗೇ ಉಜ್ಜೋರು.'

ಇನ್ಮೇಲೆ ಉಜ್ಜಬೇಡಿ ಎಂದರು ಪರೀಕ್ಷಕರು. 'ಮತ್ತೆ ನೀರು ಕುಡಿಯೋದು ಹೆಂಗೆ?' ಎಂದರು ಅಜ್ಜಿ. ಪರೀಕ್ಷಕರು ಕನ್ನಡಕ ಒರೆಸತೊಡಗಿದರು. ಅಜ್ಜಿ ನನ್ನ ಟೇಬಲ್ ಪಕ್ಕದ ಕ್ಯಾನಿನಿಂದ ತಂಬಿಗೆ ತುಂಬಿಸಿ, ಎತ್ತಿ ಗಟಗಟ ಕುಡಿದು, ಎರಡು ಗಂಟೆ ಬಸ್ಸು ಹೋಯ್ತಾ ಎಂದು ಕೇಳಿದರು.