ಗ್ಲೌಸ್ ಹಾಕ್ಕೊಂಡು ಮಾತಾಡಿ, ಪ್ಲೀಸ್

ವರ್ಷಕ್ಕೊಮ್ಮೆ ಮಾವು ಬರುವ ಹಾಗೆ ಈ ಸುದ್ದಿಯೂ ಬರುತ್ತದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೇ ಸೆಮಿಸ್ಟರ್ ಪ್ರಾಜೆಕ್ಟ್ ಮುಗಿಯುವ ಹೊತ್ತಿಗೆ ಸರಿಯಾಗಿ. ‘ಮೂಕರಿಗೆ ಮಾತು ಕೊಟ್ಟ ಕೈಗವಸು’. ಅಂದರೆ ಕಿವುಡರ ಕೈಸನ್ನೆಯನ್ನು ಓದಿ ಫೋನಿನಲ್ಲಿ ಮಾತಾಗಿಸುವ ಗ್ಲೌಸ್. ಫೋಟೊದಲ್ಲಿ ನಾಲ್ಕು ಹುಡುಗರು, ಒಬ್ಬ ಪ್ರಿನ್ಸಿಪಾಲರು, ಒಂದು ಹೂಗುಚ್ಛ. ಗ್ಲೌಸ್ ಹಾಕಿಕೊಂಡಿರುವವನು ಕಿವಿ ಚೆನ್ನಾಗಿ ಕೇಳುವ ಹುಡುಗನೇ. ಕಿವುಡರು ಫೋಟೊದಲ್ಲಿ ಇಲ್ಲ. ಕರೆಯೋಣ ಅಂದರೆ ಅವರ ಜೊತೆ ಮಾತಾಡಲು ಅಲ್ಲಿ ಯಾರಿಗಾದರೂ ಬರಬೇಕಲ್ಲ?

ಈ ಸಲದ ಸುದ್ದಿಯಲ್ಲಿ ‘ಎಐ’ ಸೇರಿಕೊಂಡಿದೆ. ಮೊದಲು ಸೆನ್ಸರ್ ಇತ್ತು, ಈಗ ಕೃತಕ ಬುದ್ಧಿಮತ್ತೆ. ಒಗ್ಗರಣೆ ಬದಲಾಗಿದೆ, ಉಪ್ಪಿಟ್ಟು ಅದೇ. ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯ ಒಬ್ಬರು ಬೆರಳಲ್ಲಿ ತೋರಿಸುವ ಅಕ್ಷರ ಓದುವ ಗ್ಲೌಸ್‌ಗೆ ಪೇಟೆಂಟ್ ಪಡೆದದ್ದು 1983ರಲ್ಲಿ, ಅಂದರೆ ನಾವು ಮೊದಲ ಸಲ ವಿಶ್ವಕಪ್ ಗೆದ್ದ ವರ್ಷ. 2016ರಲ್ಲಿ ಅಮೆರಿಕದ ಇಬ್ಬರು ವಿದ್ಯಾರ್ಥಿಗಳು ಮತ್ತೆ ಗ್ಲೌಸ್ ಮಾಡಿ 10,000 ಡಾಲರ್ ಬಹುಮಾನ ಹೊಡೆದರು. ಇದು ಕಿವುಡರಿಗೆ ಉಪಯೋಗಕ್ಕೆ ಬರಲ್ಲ ಎಂದು ಅಲ್ಲಿನ ಸನ್ನೆ ಭಾಷೆಯ ಅಧ್ಯಾಪಕರು ಬಹಿರಂಗ ಪತ್ರವನ್ನೇ ಬರೆಯಬೇಕಾಯಿತು. ಗ್ಲೌಸ್ ಮಾಡುವವರು ಪತ್ರ ಓದಿದಂತಿಲ್ಲ.

ನಮ್ಮ ಹುಡುಗರದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಪುಕ್ಕಟೆ ಸಿಗುತ್ತದೆ ಎಂದು ಅಂತರ್ಜಾಲದಿಂದ ಅಮೆರಿಕದ ಸನ್ನೆ ಅಕ್ಷರಗಳ ಮಾಹಿತಿ ಇಳಿಸಿಕೊಂಡು ಯಂತ್ರಕ್ಕೆ ಪಾಠ ಹೇಳಿದ್ದಾರೆ. ಅಮೆರಿಕದವರು ಎ, ಬಿ, ಸಿ, ಡಿಯನ್ನು ಒಂದೇ ಕೈಯ ಸನ್ನೆಯಲ್ಲಿ ತೋರಿಸುತ್ತಾರೆ. ನಮ್ಮಲ್ಲಿ ಎರಡು ಕೈ ಬೇಕು. ಹಾಗಾಗಿ ದಾವಣಗೆರೆಯ ಕಿವುಡರೊಬ್ಬರು ಈ ಯಂತ್ರದ ಮೂಲಕ ಬೆಣ್ಣೆ ದೋಸೆ ಕೇಳಬೇಕೆಂದರೆ ಮೊದಲು ಅಮೆರಿಕದ ಸನ್ನೆ ಕಲಿಯಬೇಕು, ಆಮೇಲೆ ಇಂಗ್ಲಿಷ್ ಸ್ಪೆಲ್ಲಿಂಗ್ ಕಲಿಯಬೇಕು, ಆಮೇಲೆ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಅಷ್ಟರಲ್ಲಿ ಹಂಚು ಆರಿರುತ್ತದೆ.

ನಿಜವಾದ ಕೆಲಸ ಮಾಡಿದವರು ಇಲ್ಲದೇ ಇಲ್ಲ. ಮದ್ರಾಸ್ ಐಐಟಿಯವರು ಚೆನ್ನೈನ ಕಿವುಡ ಮಕ್ಕಳ ಶಾಲೆಯ ವಿದ್ಯಾರ್ಥಿಗಳನ್ನೇ ಕರೆದು ಯಂತ್ರಕ್ಕೆ ಕಲಿಸಲು 263 ಪದಗಳ ಸನ್ನೆ ವಿಡಿಯೊ ಮಾಡಿ 2020ರಲ್ಲಿ ಹೊರತಂದರು. ಒಳ್ಳೇ ಕೆಲಸ. ಆದರೆ 263 ಪದಗಳಲ್ಲಿ ನಮ್ಮ ಮನೆಯ ಬೆಳಗಿನ ಜಗಳವೂ ಪೂರ್ತಿಯಾಗಲ್ಲ. ದಿಲ್ಲಿಯ ಸನ್ನೆ ಭಾಷಾ ಕೇಂದ್ರದ ನಿಘಂಟಿನಲ್ಲೇ 2021ಕ್ಕೆ 10,000 ಪದಗಳಾಗಿದ್ದವು.

ಇನ್ನು ಮುಖದ ವಿಷಯ. ಸನ್ನೆ ಭಾಷೆಯ ಅರ್ಧ ವ್ಯಾಕರಣ ಮುಖದಲ್ಲೇ ಇದೆ. ಅದೇ ಕೈಸನ್ನೆಗೆ ಹುಬ್ಬು ಏರಿಸಿದರೆ ‘ಊಟ ಆಯ್ತಾ?’, ಏರಿಸದಿದ್ದರೆ ‘ಊಟ ಆಯ್ತು’. ಗ್ಲೌಸ್‌ಗೆ ಹುಬ್ಬು ಎಲ್ಲಿಂದ ಕಾಣಬೇಕು? ಯಕ್ಷಗಾನದ ವೇಷಧಾರಿಯ ಮುಖಕ್ಕೆ ಗೋಣಿಚೀಲ ಕಟ್ಟಿ, ಬರೀ ಬೆರಳು ನೋಡಿ ‘ಕೀಚಕನಿಗೆ ಈಗ ಕೋಪವೋ ಪ್ರೇಮವೋ ಹೇಳಿ’ ಅಂದ ಹಾಗಾಯಿತು.

ಅಂದ ಹಾಗೆ ನಮಗೆ, ಅಂದರೆ ಕಿವಿ ಕೇಳುವವರಿಗೆ, ಸನ್ನೆ ಬರಲ್ಲ ಅನ್ನುವುದೇ ದೊಡ್ಡ ಸುಳ್ಳು. ದನದ ಜಾತ್ರೆಗೆ ಹೋಗಿದ್ದೀರಾ? ಟವೆಲ್ ಕೆಳಗೆ ಇಬ್ಬರು ಕೈ ಸೇರಿಸುತ್ತಾರೆ. ಒಬ್ಬ ಬೆರಳು ಹಿಡಿಯುತ್ತಾನೆ, ಇನ್ನೊಬ್ಬ ಕೊಡವುತ್ತಾನೆ, ದಲ್ಲಾಳಿ ಆಕಾಶ ನೋಡುತ್ತಾನೆ. ಒಂದು ಮಾತಿಲ್ಲ. ಜೋಡೆತ್ತಿನ ವ್ಯಾಪಾರ ಮುಗಿದಿರುತ್ತದೆ, ಪಕ್ಕದಲ್ಲಿ ನಿಂತವನಿಗೆ ರೇಟೂ ಗೊತ್ತಾಗಲ್ಲ. ನನ್ನಜ್ಜ ಮನೆಯಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದರು, ಟವೆಲ್ ಕೆಳಗೆ ಮಾತ್ರ ಮಹಾ ಮೌನಿ. ಲಾಭ ಇದ್ದರೆ ನಾವು ಯಾವ ಭಾಷೆಯನ್ನಾದರೂ ಕಲಿಯುತ್ತೇವೆ.

ಯಂತ್ರ ತಪ್ಪು ಹೇಳಿದರೆ ಕಂಡುಹಿಡಿಯುವವರು ಯಾರು? 2013ರಲ್ಲಿ ಮಂಡೇಲಾ ಅವರ ಶ್ರದ್ಧಾಂಜಲಿ ಸಭೆ ನೆನಪಿದೆ ಅಲ್ವಾ? ಸನ್ನೆ ಅನುವಾದಕ ಎಂದು ಒಬಾಮ ಪಕ್ಕದಲ್ಲೇ ನಿಂತು ಒಬ್ಬ ಮನುಷ್ಯ ಗಂಟೆಗಟ್ಟಲೆ ಸುಮ್ನೆ ಕೈ ಆಡಿಸಿದ. ಸ್ಟೇಡಿಯಂನಲ್ಲಿ ಕೂತಿದ್ದ ಕಿವಿ ಕೇಳುವವರಿಗೆ ಅನುಮಾನ ಬರಲಿಲ್ಲ. ಇದೇನು ಅರ್ಥವಿಲ್ಲದ್ದು ಎಂದು ಜಗತ್ತಿಗೆ ಹೇಳಿದವರು ಟಿವಿ ಮುಂದೆ ಕೂತಿದ್ದ ಕಿವುಡರು. ನಾಳೆ ಟಿವಿ ಮೂಲೆಯಲ್ಲಿ ಕೋಟು ಹಾಕಿದ ಎಐ ಗೊಂಬೆ ಕೈ ಆಡಿಸಿದರೂ ನಾವು ‘ವಾವ್’ ಅನ್ನುತ್ತೇವೆ. ಅದರ ಮುಖದ ಮೇಲೆ ‘ಬ್ರೇಕಿಂಗ್ ನ್ಯೂಸ್’ ಪಟ್ಟಿ ಓಡುತ್ತಿರುತ್ತದೆ, ಅದು ಬೇರೆ ವಿಷಯ.

2023ರಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಆನ್‌ಲೈನ್ ಮೂಲಕ ಸುಪ್ರೀಂ ಕೋರ್ಟ್‌ನಲ್ಲಿ ವಾದ ಮಾಡಿದರು. ಅವರಿಗೆ ಬೇಕಾಗಿದ್ದುದು ಸನ್ನೆ ಬಲ್ಲ ಒಬ್ಬ ಅನುವಾದಕ ಮತ್ತು ಪರದೆಯಲ್ಲಿ ಆತನಿಗೊಂದು ಚೌಕ. ಆ ಚೌಕ ಕೊಡಲು ಕಂಟ್ರೋಲ್ ರೂಮ್ ಮೊದಲು ಒಪ್ಪಲಿಲ್ಲ. ಒಂದು ಚೌಕ!

ನಮ್ಮ ಬೀದಿಯಲ್ಲಿ ಒಬ್ಬರು ಟೈಲರ್ ಇದ್ದಾರೆ. ಗಂಡ ಹೆಂಡತಿ ಇಬ್ಬರಿಗೂ ಕಿವಿ ಕೇಳಿಸಲ್ಲ. ಹೋದ ವರ್ಷ ಹೆಂಡತಿಗೆ ಹೊಟ್ಟೆನೋವು, ಜೊತೆಗೆ ನಾನೂ ಆಸ್ಪತ್ರೆಗೆ ಹೋಗಿದ್ದೆ. ಅನುವಾದ ಮಾಡಿದವನು ಮೂರನೇ ಕ್ಲಾಸಿನ ಮಗ. ‘ಗಡ್ಡೆ ಇದೆ ಅಂತ ಅಮ್ಮನಿಗೆ ಹೇಳು ಪುಟ್ಟಾ’ ಅಂದರು ಡಾಕ್ಟರ್. ಆ ಹುಡುಗನಿಗೆ ಗಡ್ಡೆ ಅಂದರೆ ಏನೆಂದು ಗೊತ್ತಿರಲಿಲ್ಲ. ನನ್ನ ಮುಖ ನೋಡಿದ. ನನಗೆ ಸನ್ನೆ ಬರಲ್ಲ. ಅದೇ ಹಾಲ್‌ನಲ್ಲಿ ನಮಸ್ಕಾರ ಮಾಡುವ ರೋಬೋ ಇತ್ತು, ಸಂಬಳಕ್ಕೆ ಒಬ್ಬ ಅನುವಾದಕ ಇರಲಿಲ್ಲ. ಇದಕ್ಕೆ ಜೋಕ್ ಮಾಡಲು ನನ್ನ ಕೈಲಿ ಆಗಲ್ಲ.

ಮೊನ್ನೆ ಗ್ಲೌಸ್ ಹುಡುಗರು ಅದೇ ಅಂಗಡಿಗೆ ಬಂದಿದ್ದರು, ಟೆಸ್ಟಿಂಗ್‌ಗೆ. ಅಂತೂ ಕಿವುಡರೊಬ್ಬರು ಸಿಕ್ಕರು. ಗ್ಲೌಸ್ ಹಾಕಿಸಿದರು. ಟೈಲರ್ ಕಿವಿಯ ಹಿಂದೆ ತುರಿಸಿಕೊಂಡರು. ಫೋನು ‘ಐ ಆಮ್ ಹಂಗ್ರಿ’ ಅಂತು. ಹುಡುಗರು ಕುಣಿದಾಡಿ, ಓಡಿಹೋಗಿ ಬನ್ ತಂದರು. ಫೋಟೊ ಆಯಿತು. ಟೈಲರ್ ಬನ್ ತಿಂದು, ಗ್ಲೌಸ್ ಕಳಚಿ ತಿರುಗಿಸಿ ನೋಡಿದರು. ಹೆಬ್ಬೆರಳಿನ ಹತ್ತಿರ ಹೊಲಿಗೆ ಬಿಟ್ಟಿತ್ತು. ಸೆನ್ಸರ್ ವೈರನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿ, ಮೆಶಿನ್‌ಗೆ ಕೊಟ್ಟು ಎರಡು ಹೊಲಿಗೆ ಹಾಕಿದರು. ಆಮೇಲೆ ಐದು ಬೆರಳು ತೋರಿಸಿ, ಪಕ್ಕದಲ್ಲೊಂದು ಸೊನ್ನೆ ಮಾಡಿದರು.

ಹುಡುಗರಿಗೆ ತಕ್ಷಣ ಅರ್ಥವಾಯಿತು. ಅವರಲ್ಲೊಬ್ಬ ಮೂರು ಬೆರಳು ತೋರಿಸಿ ಚೌಕಾಸಿಗೆ ಇಳಿದ.