ಮೆಗಲೊಡಾನ್‌ಗೆ ಊಟ ಆಯ್ತಾ?

ನಮ್ಮಲ್ಲಿ ಯಾರೇ ಎದುರು ಸಿಗಲಿ, ಮೊದಲು ಕೇಳುವುದು ‘ಊಟ ಆಯ್ತಾ?’ ಸಾಲ ವಸೂಲಿಗೆ ಬಂದವರನ್ನೂ ಬಿಡುವುದಿಲ್ಲ. ಆದರೆ ಎಂದೋ ಅಳಿದುಹೋದ ದೈತ್ಯ ಶಾರ್ಕ್ ಮೆಗಲೊಡಾನ್ ಇನ್ನೂ ಬದುಕಿದೆ, ಪೆಸಿಫಿಕ್ ಸಾಗರದ ತಳದ ಮರಿಯಾನಾ ಕಂದಕದಲ್ಲಿ ಅಡಗಿ ಕೂತಿದೆ ಎಂದು ವಾದಿಸುವವರಿದ್ದಾರಲ್ಲ, ಆ ಬಡಪಾಯಿ ಶಾರ್ಕ್‌ಗೆ ಒಂದು ದಿನವೂ ಈ ಮಾತು ಕೇಳಿದವರಲ್ಲ.

ಅದು ತಿನ್ನುತ್ತಿದ್ದುದೇನು ಸ್ವಲ್ಪವೇ? ದಿನಕ್ಕೆ ಸುಮಾರು 1 ಲಕ್ಷ ಕಿಲೋಕ್ಯಾಲರಿ ಬೇಕಿತ್ತು ಎಂದು ಸಂಶೋಧಕರ ಅಂದಾಜು. ಅಂದರೆ ಐವತ್ತು ಜನರ ದಿನದ ಊಟ. ಪ್ರತಿದಿನವೂ ಮನೆಯಲ್ಲಿ ನಾಮಕರಣ ಇದ್ದ ಹಾಗೆ! ತಿಮಿಂಗಿಲ ಸಿಕ್ಕರೆ ತಿಮಿಂಗಿಲ, ಇಲ್ಲದಿದ್ದರೆ ಸಿಕ್ಕಿದ್ದು. ಒಂದೊಂದು ಹಲ್ಲು 18 ಸೆಂಟಿಮೀಟರ್‌ವರೆಗೆ ಉದ್ದ, ಅಂಚಿಗೆ ಗರಗಸದಂಥ ಸಣ್ಣ ಸಣ್ಣ ಕಚ್ಚು. ಆ ಕಾಲದ ತಿಮಿಂಗಿಲಗಳ ಮೂಳೆಯ ಮೇಲೆ ಅದರ ಗೀರು ಇವತ್ತಿಗೂ ಕಾಣುತ್ತದೆ. ಹೊಟ್ಟೆಬಾಕನ ತಟ್ಟೆ ನೋಡಿದರೆ ಗೊತ್ತಾಗುತ್ತೆ, ಅಲ್ವಾ?

ಇಂಥ ಗಿರಾಕಿಯನ್ನು ನಮ್ಮ ಜನ ಕಳಿಸಿರುವುದು ಎಲ್ಲಿಗೆ? ಸುಮಾರು 11 ಕಿಲೋಮೀಟರ್ ಆಳಕ್ಕೆ. ಕಗ್ಗತ್ತಲು, ಕೊರೆಯುವ ಚಳಿ. ತಿನ್ನಲು ಹೆಚ್ಚಾಗಿ ಮೇಲಿನಿಂದ ಉದುರುವ ಚೂರುಪಾರು. ಮದುವೆಮನೆ ಬಿಟ್ಟು ಎಂಜಲೆಲೆ ಕಾಯಲು ಹೋದಂತೆ. ಅದೂ 36 ಲಕ್ಷ ವರ್ಷದಿಂದ! ಅದು ಅಳಿದುಹೋಯಿತು ಎಂದು ವಿಜ್ಞಾನಿಗಳು ಹೇಳುವುದು ಆಗಲೇ. ಶಾರ್ಕ್‌ಗಳು ಬದುಕಿರುವಷ್ಟು ಕಾಲ ಹಲ್ಲು ಉದುರಿಸುತ್ತಲೇ ಇರುತ್ತವೆ. ಇದರದ್ದು ಒಂದಾದರೂ ಹೊಸ ಹಲ್ಲು ಸಿಗಬೇಡವೇ?

2013ರಲ್ಲಿ ಡಿಸ್ಕವರಿ ಚಾನೆಲ್ ಇದು ಬದುಕಿದೆ ಎಂದು ಎರಡು ಗಂಟೆಯ ‘ಸಾಕ್ಷ್ಯಚಿತ್ರ’ವನ್ನೇ ತೋರಿಸಿತು. ಸಮುದ್ರದ ನಡುವೆ ಗಂಭೀರವಾಗಿ ಮಾತಾಡಿದ ವಿಜ್ಞಾನಿ ಅಸಲಿಗೆ ನಟ. ಕೆಲವು ಘಟನೆ, ಪಾತ್ರಗಳನ್ನು ನಾಟಕೀಯಗೊಳಿಸಲಾಗಿದೆ ಎಂಬ ಸೂಚನೆ ಕೊನೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಯಿತು. ನೋಡಿದವರು ಸುಮಾರು 48 ಲಕ್ಷ ಮಂದಿ. ಅಷ್ಟು ಜನರ ಮುಂದೆ ಬಡಿಸಿದ ಎಲೆಯಲ್ಲಿ ಉಪ್ಪೂ ಇರಲಿಲ್ಲ.

ಹಿಂದಿನವರೇನು ಕಡಿಮೆಯೇ? ಯುರೋಪಿನ ಶ್ರೀಮಂತರು ಶಾರ್ಕ್ ಹಲ್ಲಿನ ಪಳೆಯುಳಿಕೆಗಳನ್ನು ಕಲ್ಲಾದ ಹಾವಿನ ನಾಲಿಗೆ ಎಂದು ನಂಬಿ, ಊಟದ ಮೇಜಿನ ಮೇಲೆ ನೇತುಹಾಕುತ್ತಿದ್ದರು. ವಿಷ ಇದ್ದರೆ ಗೊತ್ತಾಗುತ್ತದಂತೆ. ಇವು ಶಾರ್ಕ್ ಹಲ್ಲು ಮಾರಾಯ್ರೆ ಎಂದು ಡೆನ್ಮಾರ್ಕ್‌ನ ವಿಜ್ಞಾನಿ ಸ್ಟೆನೊ 1667ರಲ್ಲೇ ಬರೆದ.

ಅಂದಹಾಗೆ, ಮರಿಯಾನಾ ಕಂದಕದಲ್ಲಿ 10,898 ಮೀಟರ್ ಆಳದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕಂಡಿದೆ. ಒಳಗೆ ಬುತ್ತಿ ಇತ್ತು ಎಂದು ಯಾರೂ ಹೇಳಿಲ್ಲ.