ಬರುವಾಗ ಎಡವೇ ಬಲ

ನಮ್ಮ ಮನೆಯ ಸಜ್ಜಾದ ಮೇಲೆ ಪಾತ್ರೆಗಳ ಪಕ್ಕ ರಿಮೋಟಿನಲ್ಲಿ ಓಡುವ ಎರಡು ಪುಟ್ಟ ದೋಣಿಗಳಿವೆ. ಬಂದವರು ಕತ್ತೆತ್ತಿ ನೋಡಿ, ದಾವಣಗೆರೆಯಲ್ಲಿ ದೋಣಿ ಯಾಕ್ರೀ ಅನ್ನುತ್ತಾರೆ. ಊರಿನ ಹೆಸರಲ್ಲೇ ಕೆರೆ ಇದೆಯಲ್ಲ ಅನ್ನುತ್ತೇನೆ. ಅದು ಉತ್ತರವಲ್ಲ ಅಂತ ನನಗೂ ಗೊತ್ತು. ಕುಂದವಾಡ ಕೆರೆಯ ನೀರನ್ನು ಊರೇ ಕುಡಿಯುತ್ತದೆ, ಅಲ್ಲಿ ನಾವು ವಾಕಿಂಗ್ ಮಾಡುತ್ತೇವೆ ಅಷ್ಟೆ. ದೋಣಿ ಬಿಡುವುದು ಹೊಳಲ್ಕೆರೆ ಕಡೆ, ನನ್ನ ಹೆಂಡತಿಯ ಅಣ್ಣನ ಅಡಿಕೆ ತೋಟದ ಕೃಷಿ ಹೊಂಡದಲ್ಲಿ.

ಮೊದಲ ದೋಣಿಯ ಹೆಸರು 'ಕೋರುವವರು'. ನಾವು ಇಟ್ಟ ಹೆಸರಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ಉಳಿದ ಸನ್‌ಬೋರ್ಡ್ ಅನ್ನುವ ಹಗುರ ಹಲಗೆಯ ತುಂಡು ತಂದು ಕತ್ತರಿಸಿದೆವು. ಯಾರದೋ ಹುಟ್ಟುಹಬ್ಬದ ಬೋರ್ಡು ಇರಬೇಕು. 'ಶುಭ' ಅನ್ನುವ ಭಾಗ ತ್ಯಾಜ್ಯವಾಯಿತು, 'ಕೋರುವವರು' ದೋಣಿಯ ಪಕ್ಕಕ್ಕೆ ಬಂತು. ಬಣ್ಣ ಹೊಡೆಯೋಣ ಅಂದರೆ ಮಕ್ಕಳು ಬಿಡಲಿಲ್ಲ.

ಒಳಗೆ ಇರುವುದು ಜಾಸ್ತಿ ಏನಿಲ್ಲ. ಒಂದು ಮೋಟರ್, ಚುಕ್ಕಾಣಿ ತಿರುಗಿಸಲು ಸರ್ವೋ ಅನ್ನುವ ಪುಟ್ಟ ಮೋಟರ್, ಒಂದು ಸ್ಪೀಡ್ ಕಂಟ್ರೋಲರ್, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್, 7.4 ವೋಲ್ಟಿನ ಬ್ಯಾಟರಿ. ಕಷ್ಟವೆಲ್ಲ ಒಂದು ತೂತಿನದು. ಮೋಟರ್ ಒಳಗಿದೆ, ದೋಣಿಯನ್ನು ತಳ್ಳುವ ಫ್ಯಾನು ಹೊರಗೆ ನೀರಲ್ಲಿದೆ. ನಡುವಿನ ಕಡ್ಡಿ ದೋಣಿಯ ಗೋಡೆ ದಾಟಿ ಹೋಗಬೇಕು. ಕಡ್ಡಿ ತಿರುಗಬೇಕು, ನೀರು ಬರಬಾರದು. ಅದಕ್ಕೆ ಕಡ್ಡಿಯನ್ನು ಒಂದು ಕೊಳವೆಯೊಳಗೆ ಹಾಯಿಸಿ, ಕೊಳವೆ ತುಂಬ ಗ್ರೀಸ್ ತುಂಬುತ್ತಾರೆ. ಗಟ್ಟಿ ಹಿಡಿದರೆ ಮೋಟರ್ ಬಿಸಿಯಾಗುತ್ತದೆ, ಸಡಿಲ ಬಿಟ್ಟರೆ ನೀರು ಒಳಗೆ. ಮಗಳ ಮದುವೆ ಮಾಡಿದವರು ಬೀಗರ ಬಗ್ಗೆ ಮಾತಾಡುವ ಹಾಗೆ ನಾನು ಈ ತೂತಿನ ಬಗ್ಗೆ ಮಾತಾಡುತ್ತೇನಂತೆ. ಹೆಂಡತಿಯ ಮಾತು.

ಮೊದಲ ಪರೀಕ್ಷೆ ನಡೆದದ್ದು ಮನೆಯ ನೀಲಿ ಡ್ರಮ್ಮಿನಲ್ಲಿ. ನೀರಿನ ಮೇಲೆ ಗ್ರೀಸಿನ ಬಣ್ಣಬಣ್ಣದ ಪೊರೆ ತೇಲಿತು. ಮನೆಯಲ್ಲಿ ಗುಡುಗು ಸಿಡಿಲು. ನಾನು ದೊಡ್ಡವರ ಹೆಸರು ಹಿಡಿದು ತಪ್ಪಿಸಿಕೊಳ್ಳಲು ನೋಡಿದೆ. 1898ರಲ್ಲಿ ವಿಜ್ಞಾನಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜನರ ಮುಂದೆ ತಂತಿಯಿಲ್ಲದೆ ಒಂದು ಪುಟ್ಟ ದೋಣಿಯನ್ನು ಓಡಿಸಿ ತೋರಿಸಿದ, ಅದೂ ತೊಟ್ಟಿಯಲ್ಲೇ ಅಂದೆ.

"ಅವರ ಮನೇಲಿ ಅಡುಗೆಗೆ ಅದೇ ನೀರಿತ್ತಾ?" ಅಂದಳು.

ಡ್ರಮ್ಮು ನಾನೇ ತೊಳೆದೆ.

ಇನ್ನೊಂದು ತಕರಾರು ಇತ್ತು. ದೋಣಿ ಒಂದು ಕಡೆ ವಾಲುತ್ತಿತ್ತು. ಒಂಬತ್ತನೇ ಕ್ಲಾಸಿನ ಮಗಳು ಪೆನ್ಸಿಲ್ ಹಿಡಿದು ಕೂತಳು. ಉದ್ದ 60 ಸೆಂಟಿಮೀಟರ್, ಅಗಲ 20, ಅಡಿ ಚಪ್ಪಟೆ. ಹಾಗಾದರೆ ಒಂದು ಸೆಂಟಿಮೀಟರ್ ಮುಳುಗಲು 1,200 ಗ್ರಾಂ ಭಾರ ಬೇಕು, ಮೂತಿ ಚೂಪಾಗಿರುವುದರಿಂದ ಸ್ವಲ್ಪ ಕಡಿಮೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳುತ್ತದೆ ಅಂದ ಆರ್ಕಿಮಿಡೀಸ್ ಪರೀಕ್ಷೆಯಲ್ಲಿ ಬರುತ್ತಾನೆ ಅಂತ ಗೊತ್ತಿತ್ತು, ಮನೆಗೂ ಬರುತ್ತಾನೆ ಅಂತ ಅಂದೇ ಗೊತ್ತಾದದ್ದು. ಟೈರ್ ಅಂಗಡಿಯಿಂದ ಸೀಸದ ತುಂಡು ತಂದೆವು, ಕಾರಿನ ಚಕ್ರದ ಬ್ಯಾಲೆನ್ಸಿಂಗಿಗೆ ಅಂಟಿಸುತ್ತಾರಲ್ಲ, ಅದೇ. ತಳದಲ್ಲಿ ಅಂಟಿಸಿದ ಮೇಲೆ ದೋಣಿ ನೆಟ್ಟಗೆ ನಿಂತಿತು. ಭಾರ ಹಾಕಿದರೆ ದೋಣಿ ಸುಧಾರಿಸುತ್ತದೆ ಅನ್ನುವುದನ್ನು ನನ್ನ ಮಗ ಇವತ್ತಿಗೂ ನಂಬುವುದಿಲ್ಲ.

ಹೊಂಡಕ್ಕೆ ಹೋಗುವ ಭಾನುವಾರ ನನ್ನ ಅವ್ವನೂ ಬರುತ್ತಾಳೆ. ಜೊತೆಗೆ ಮಂಡಕ್ಕಿ, ಮಿರ್ಚಿ. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಾರೆ. ಪಾಚಿ ಕಟ್ಟಿ ಜಾರುತ್ತದೆ, ಇಳಿದವರು ಹತ್ತಿ ಬರುವುದು ಕಷ್ಟ. ಮಕ್ಕಳ ಮಾವ ಸುತ್ತ ಬೇಲಿ ಹಾಕಿಸಿ, ನಾಲ್ಕೂ ಕಡೆ ಹಗ್ಗ ಇಳಿಬಿಟ್ಟಿದ್ದಾರೆ. ಅವರದು ಒಂದೇ ಕರಾರು: "ದೋಣಿ ಮುಳುಗಿದರೆ ಮುಳುಗಲಿ, ಯಾರೂ ಇಳಿಯಂಗಿಲ್ಲ." ಹಾಗಾಗಿ ಟೆನಿಸ್ ಬಾಲಿಗೆ ಗಾಳದ ದಾರ ಕಟ್ಟಿ ಇಟ್ಟುಕೊಂಡಿದ್ದೇವೆ. ದೋಣಿ ನಿಂತುಬಿಟ್ಟರೆ ಬಾಲನ್ನು ಅದರ ಆಚೆಗೆ ಎಸೆದು, ದಾರ ತಾಗಿಸಿ ಮೆಲ್ಲಗೆ ಎಳೆಯುವುದು. ಇದರಲ್ಲಿ ಮಗ ನಿಪುಣ. ದೋಣಿ ನಿಲ್ಲಲಿ ಅಂತಲೇ ಕಾಯುತ್ತಿರುತ್ತಾನೋ ಏನೋ.

ಓಡಿಸುವುದು ಸುಲಭ, ಆಚೆ ದಡದವರೆಗೆ. ಎಡಕ್ಕೆ ಒತ್ತಿದರೆ ಎಡ, ಬಲಕ್ಕೆ ಒತ್ತಿದರೆ ಬಲ. ತಿರುಗಿಸಿ ವಾಪಸ್ ಕರೆಯುವಾಗಲೇ ಪೇಚಾಟ. ಈಗ ದೋಣಿಯ ಮೂತಿ ನಮ್ಮ ಕಡೆ. ಅದರ ಎಡ ನಮ್ಮ ಬಲ. ಕೈ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ನಾನು ಮೂರು ಸಲ ದಡಕ್ಕೆ ಗುದ್ದಿಸಿದೆ. ಮಗಳು ದೋಣಿಗೆ ಬೆನ್ನು ತಿರುಗಿಸಿ ನಿಂತು, ಹೆಗಲ ಮೇಲಿಂದ ಹಿಂದೆ ನೋಡುತ್ತ ಓಡಿಸುತ್ತಾಳೆ. ಆಗ ಅವಳ ಎಡ ದೋಣಿಯ ಎಡ ಆಗುತ್ತದೆ. ನೋಡಲು ಜಗಳ ಮಾಡಿಕೊಂಡು ನಿಂತವಳ ಹಾಗೆ ಕಾಣುತ್ತಾಳೆ, ಆದರೆ ದೋಣಿ ನೇರ ಕಾಲ ಹತ್ತಿರ ಬರುತ್ತದೆ. ಹೆಂಡತಿಗೆ ಇದ್ಯಾವುದೂ ಬೇಡ. "ನಾನು ಅದರೊಳಗೆ ಕೂತಿದ್ದೀನಿ ಅಂದ್ಕೋತೀನಿ ಅಷ್ಟೇ ರೀ" ಅನ್ನುತ್ತಾಳೆ. ಮಿರ್ಚಿ ಪೊಟ್ಟಣವನ್ನು ಆಚೆ ದಡಕ್ಕೆ ಮುಟ್ಟಿಸಿ, ಖಾಲಿ ದೋಣಿ ವಾಪಸ್ ತಂದವಳು ಇದುವರೆಗೆ ಅವಳೊಬ್ಬಳೇ.

ಅವ್ವ ಇದನ್ನೆಲ್ಲ ನೋಡಿ ನಗುತ್ತಿದ್ದಳು. ಅವಳ ತವರು ಹೊನ್ನಾಳಿ ಕಡೆ, ತುಂಗಭದ್ರೆಯ ದಂಡೆ. ದುಂಡನೆಯ ಬುಟ್ಟಿಯಂಥ ಹರಿಗೋಲಿನಲ್ಲಿ ಕೂತು ಹೊಳೆ ದಾಟಿದವಳು.

"ಮುಂದು ಹಿಂದು ಇದ್ದರೆ ತಾನೇ ಈ ಗೋಳು? ನಮ್ಮ ಹರಿಗೋಲಿಗೆ ಮೂತಿನೇ ಇರಲಿಲ್ಲಪ್ಪ. ಹೋಗೋದೂ ಅದೇ, ಬರೋದೂ ಅದೇ."

ಮಗಳು ಇದನ್ನು ಗಂಭೀರವಾಗಿ ತೆಗೆದುಕೊಂಡಳು. ಮೂರನೆಯ ದೋಣಿ ಹೀಗೆ ಹುಟ್ಟಿತು. ಸಂತೆಯಿಂದ ಬಿದಿರು ಬುಟ್ಟಿ ಬಂತು. ಹರಿಗೋಲಿಗೆ ಮೊದಲು ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ನಾವೂ ಹಾಳೆ ಹೊದಿಸಿ ಡಾಂಬರು ಬಳಿದೆವು. ಚುಕ್ಕಾಣಿ ಇಲ್ಲ, ಎರಡು ಮೋಟರ್. ಎರಡೂ ಸಮನಾಗಿ ತಿರುಗಿದರೆ ನೇರ, ಒಂದು ಜೋರಾದರೆ ಅದರ ಎದುರು ಕಡೆಗೆ ತಿರುವು. ಕಾಗದದ ಮೇಲೆ ಬಹಳ ಚೆನ್ನಾಗಿತ್ತು.

ಕಳೆದ ಭಾನುವಾರ ನೀರಿಗೆ ಬಿಟ್ಟೆವು. ಅವ್ವನ ಕೈಯಲ್ಲಿ ಮೊದಲ ಸಲ ರಿಮೋಟು. ಹೊಂಡದ ನಡುವಿಗೆ ಹೇಗೋ ಹೋಯಿತು. ಆಮೇಲೆ ಬುಗುರಿಯ ಹಾಗೆ ತಿರುಗಲು ಹತ್ತಿತು. ಎಡ ಒತ್ತಿದರೂ ಸುತ್ತು, ಬಲ ಒತ್ತಿದರೂ ಸುತ್ತು. "ಹುಟ್ಟು ಹಾಕೋನು ಬೇಕು ಕಣೇ ಇದಕ್ಕೆ" ಅಂತ ಅವ್ವ ರಿಮೋಟು ಮೊಮ್ಮಗಳಿಗೆ ಕೊಟ್ಟಳು. ಅವಳು ಬೆನ್ನು ತಿರುಗಿಸಿ ನಿಂತಳು, ಮತ್ತೆ ಇತ್ತ ತಿರುಗಿದಳು. ಯಾವ ಕಡೆ ಬೆನ್ನು ಮಾಡುವುದು? ಅಷ್ಟರಲ್ಲಿ ಬ್ಯಾಟರಿ ಇಳಿಯಿತು. ಮಗ ಖುಷಿಯಿಂದ ಬಾಲು ಎಸೆದ, ಗಂಟು ಬಿಚ್ಚಿಕೊಂಡು ಬಾಲು ದಾರ ಬಿಟ್ಟು ಹೋಯಿತು.

ಗಾಳಿ ಈ ಕಡೆ ಬೀಸಲಿ ಅಂತ ಎಲ್ಲರೂ ಬೇಲಿ ಹಿಡಿದು ಕೂತೆವು. ಮಂಡಕ್ಕಿ ಪೊಟ್ಟಣ ಬುಟ್ಟಿಯಲ್ಲೇ ಇತ್ತು.